ಗೆರೆ ಇಲ್ಲದ ತಾಯಿ

ನ್ಯೂಯಾರ್ಕ್, ಭಾನುವಾರ

ಪ್ರೀತಿಯ ಅವ್ವನಿಗೆ ನಮಸ್ಕಾರಗಳು.

ಚಳಿ, ಅಡುಗೆ, ಆರೋಗ್ಯ ಎಲ್ಲ ಫೋನಿನಲ್ಲಿ ಹೇಳಿ ಆಗಿದೆ. ಇದೊಂದನ್ನು ಬರೆದೇ ಹೇಳಬೇಕು ಅನ್ನಿಸಿತು.

ನಿನ್ನೆ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಹೋಗಿದ್ದೆ. ಅಲ್ಲಿ ನಿನ್ನ ಹಾಗೆಯೇ ತಲೆ ಬಗ್ಗಿಸಿ ಕಸೂತಿ ಹಾಕುತ್ತಾ ಕೂತ ಒಬ್ಬ ತಾಯಿ ಸಿಕ್ಕಳು. ಫ್ರಾನ್ಸಿನ ಜಾರ್ಜ್ ಸೆರಾ 1882–83ರಲ್ಲಿ ಬರೆದ ತನ್ನ ತಾಯಿಯ ಚಿತ್ರ. ಲಾಂಗ್ ನೋಟ್‌ಬುಕ್ಕಿಗಿಂತ ತುಸು ದೊಡ್ಡದು, ಅಷ್ಟೇ. ಇಂಥವು ಬೆಳಕಿಗೆ ಹಾಳಾಗುತ್ತವೆ ಎಂದು ಸದಾ ಗೋಡೆಗೆ ಹಾಕುವುದಿಲ್ಲ. ನನ್ನ ಅದೃಷ್ಟ.

ಹತ್ತಿರ ಹೋಗಿ ಹುಡುಕಿದೆ. ಮುಖದ ಸುತ್ತ ಗೆರೆಯೇ ಇಲ್ಲ! ಎಲ್ಲ ಕೋಂತೆ ಎಂಬ ಫ್ರೆಂಚನ ಹೆಸರಿನ ಕಪ್ಪು ಕಡ್ಡಿಯ ಕೆಲಸ. ಇದ್ದಿಲಾದರೆ ಬೆರಳಲ್ಲಿ ಒರೆಸಿದರೆ ಹೋಗುತ್ತದೆ. ಇದರಲ್ಲಿ ಜಿಡ್ಡು ಜಾಸ್ತಿ, ಕಚ್ಚಿಕೊಂಡರೆ ಸುಲಭಕ್ಕೆ ಬಿಡದು. ಕಾಗದ ಮಿಷಾಲೆ ಎಂಬ ತರಿತರಿಯಾದ ಜಾತಿಯದು. ಮೆಲ್ಲಗೆ ತೀಡಿದರೆ ಕಪ್ಪು ಉಬ್ಬಿದ ಕಡೆ ಮಾತ್ರ ಹತ್ತುತ್ತದೆ, ತಗ್ಗಿನಲ್ಲಿ ಬಿಳುಪು ಹಾಗೇ ಉಳಿಯುತ್ತದೆ. ಚಿಕ್ಕವರಿದ್ದಾಗ ನಾಣ್ಯದ ಮೇಲೆ ಹಾಳೆ ಇಟ್ಟು ಪೆನ್ಸಿಲ್ ತಿಕ್ಕುತ್ತಿದ್ದೆವಲ್ಲ, ಹಾಗೆ. ಒತ್ತಿದರೆ ತಗ್ಗೂ ತುಂಬಿ ಕತ್ತಲೆ. ಆಕೆಯ ಕೈ ಮೇಲಿನ ಬೆಳಕು ಅಂದರೆ ಕಡ್ಡಿ ತಾಗದೆ ಉಳಿದ ಕಾಗದ!

ಅಂದಹಾಗೆ, ಇಂಗ್ಲೆಂಡಿನಿಂದ ಫ್ರಾನ್ಸಿಗೆ ಪೆನ್ಸಿಲ್‌ನ ಗ್ರಾಫೈಟ್ ಬರುವುದು ನಿಂತಾಗ, 1795ರಲ್ಲಿ, ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಕಲಸಿ ಸುಟ್ಟು ಪೆನ್ಸಿಲ್ ಮಾಡಿದವನೂ ಈ ಕೋಂತೆಯೇ. ನಿನ್ನ ಮೊಮ್ಮಗಳ ಪೆನ್ಸಿಲ್‌ಗೂ ಅದೇ ಪಾಕ.

ಸೆರಾಗಿಂತ ಎಷ್ಟೋ ಮೊದಲು ಆಂಗ್ರ್ ಎಂಬ ಫ್ರೆಂಚ್ ಕಲಾವಿದ ರೋಮ್‌ನಲ್ಲಿ ಪೆನ್ಸಿಲ್‌ನಿಂದ ಜನರ ಚಿತ್ರ ಬರೆದು ಹೊಟ್ಟೆ ಹೊರೆಯುತ್ತಿದ್ದ. ನುಣುಪು ಕಾಗದ, ಚೂಪು ಮೊನೆ. ಗುಂಡಿ, ಲೇಸು, ಕಾಲರ್ ಎಲ್ಲ ಲೆಕ್ಕ ಸಿಗುತ್ತದೆ. ಅವನ ಜನ ಮನೆಗೆ ಬಂದ ನೆಂಟರ ಹಾಗೆ ನಮ್ಮನ್ನೇ ನೋಡುತ್ತಾರೆ. ಸೆರಾನ ತಾಯಿಗೆ ನಾವು ಬಂದದ್ದೇ ಗೊತ್ತಿಲ್ಲ. ಏನು ಉಟ್ಟಿದ್ದಳೋ ಹೇಳಲಾರೆ. ಆಕೆ ಎಲ್ಲಿ ಮುಗಿದು ಕತ್ತಲೆ ಎಲ್ಲಿ ಶುರುವಾಯಿತು ಅನ್ನುವುದೂ ಕಾಣದು. ಆದರೆ ಆ ಕೋಣೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ, ಅದು ಗೊತ್ತಾಗುತ್ತದೆ.

ಕಸೂತಿಯ ಗವಂತಿ ಹೊಲಿಗೆ ಹಾಕುವ ಮೊದಲು ನೀನು ಬಟ್ಟೆಯನ್ನು ಬೆಳಕಿಗೆ ಹಿಡಿದು ಎಳೆ ನೋಡುತ್ತಿದ್ದೆ. ನೇಯ್ಗೆ ಸರಿ ಇರದಿದ್ದರೆ ಅಂಗಡಿಗೆ ವಾಪಸ್. ಕೊಡಲು ಹೋಗಬೇಕಾದವಳು ನಾನು, ಎಷ್ಟು ಸಿಟ್ಟು ಬರುತ್ತಿತ್ತು ಗೊತ್ತಾ? ಸೆರಾ ಇದೇ ಕಾಗದಕ್ಕೆ ಯಾಕೆ ಅಂಟಿಕೊಂಡ ಅಂತ ನಿನಗಾದರೆ ವಿವರಿಸಬೇಕಾಗಿಲ್ಲ.

ಜೊತೆಗೆ ಒಂದು ಕಾರ್ಡು ಇಟ್ಟಿದ್ದೇನೆ. ಅಚ್ಚಿನಲ್ಲಿ ತರಿ ಕಾಣುವುದಿಲ್ಲ, ಬರೀ ಮಸಿ ಬಳಿದಂತಿದೆ. ಬೈಯಬೇಡ. ಅಪ್ಪನಿಗೆ ಹೇಳಿ ನಿನ್ನ ಚಂದ್ರಕಾಳಿ ಸೀರೆಯ ಸೆರಗಿನ ಫೋಟೊ ಕಳಿಸು. ಎಳೆ ಕಾಣುವಷ್ಟು ಹತ್ತಿರದಿಂದ.

ನಿನ್ನ ಮಗಳು