ತೊಟ್ಟಿಯಲ್ಲಿ ಬೆಳೆಸಿದ್ದು ಎಂದು ಹೇಳಿ ಸಮುದ್ರದಿಂದ ಮುರಿದ ಹವಳ ಕಳಿಸಿದ ಬಗ್ಗೆ ದೂರು

ಇಂದ: ನಿಮ್ಮ ಗ್ರಾಹಕ, ಕೊಲಂಬಸ್, ಒಹಾಯೊ
ಇವರಿಗೆ: ಆನ್‌ಲೈನ್ ಹವಳದ ಅಂಗಡಿಯ ಮಾಲೀಕರಿಗೆ

ವಿಷಯ: ಫೆಬ್ರವರಿಯಲ್ಲಿ ಕಳಿಸಿದ ಅಕ್ರೊಪೊರ ಸುಹರ್ಸೊನೊಯ್ ಎಂಬ ಹವಳದ ತುಂಡು

ನಮಸ್ಕಾರ ಸರ್,

ಮೂರು ವರ್ಷದಿಂದ ನಿಮ್ಮಲ್ಲೇ ಹವಳ ತರಿಸುತ್ತಿದ್ದೇನೆ. ಫೋನಿನಲ್ಲಿ ನಾವು ಕನ್ನಡದಲ್ಲೇ ಮಾತಾಡುತ್ತೇವೆ, ಹಾಗಾಗಿ ದೂರನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಈ ಹವಳಕ್ಕೆ ನಾನು ಎಷ್ಟು ಕಾದಿದ್ದೆ ಅಂತ ನಿಮಗೆ ಗೊತ್ತು. ಇಂಡೋನೇಷ್ಯಾದ ಲೊಂಬೊಕ್, ಬಾಲಿ ಕಡೆಯ ಆಳದ ಇಳಿಜಾರುಗಳಲ್ಲಿ ಬೆಳೆಯುವ ಜಾತಿ ಇದು. ಬಾಟಲಿ ತೊಳೆಯುವ ಬ್ರಷ್‌ನಂಥ ಕೊಂಬೆಗಳು, ತೀರಾ ತೆಳು ಚರ್ಮ. 1994ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿ ಕಾರ್ಡೆನ್ ವ್ಯಾಲೇಸ್ ಇದನ್ನು ಹೊಸ ಜಾತಿ ಎಂದು ವಿವರಿಸಿ, ಇಂಡೋನೇಷ್ಯಾದ ಹವಳ ವಿಜ್ಞಾನಿ ಸುಹರ್ಸೊನೊ ಅವರ ಹೆಸರಿಟ್ಟರು. ಹೊಸಬರ ಕೈಗೆ ಕೊಡುವ ಹವಳ ಅಲ್ಲವೇ ಅಲ್ಲ. ಅದಕ್ಕೇ ಆರು ತಿಂಗಳು ನನ್ನ ಟ್ಯಾಂಕಿನ ನೀರಿನ ಆಲ್ಕಲಿನಿಟಿಯನ್ನು (ಕ್ಷಾರದ ಅಂಶ) 8 dKH ಆಸುಪಾಸಿನಲ್ಲೇ ಅಲುಗಾಡದಂತೆ ಹಿಡಿದಿಟ್ಟೆ. ಬೆಳಕು ತುಸು ಕಡಿಮೆ ಇರುವ ಜಾಗವನ್ನು ಮೊದಲೇ ಬಿಡಿಸಿಟ್ಟೆ.

ಮೊದಲು ಪ್ಯಾಕಿಂಗ್ ವಿಷಯ. ಮಂಗಳವಾರ ಕಳಿಸುತ್ತೇವೆ ಅಂದಿರಿ, ಕಳಿಸಿದ್ದು ಗುರುವಾರ. ಹಿಮದಿಂದ ಕೊರಿಯರ್ ತಡವಾಗಿ ಶನಿವಾರ ತಲುಪಿತು. ಪೆಟ್ಟಿಗೆಯಲ್ಲಿ ಹೀಟ್ ಪ್ಯಾಕ್ ಇರಲಿಲ್ಲ, ಅದಕ್ಕೆ ದುಡ್ಡು ಮಾತ್ರ ತಗೊಂಡಿದ್ದೀರಿ. ಚೀಲದ ನೀರು 61 ಡಿಗ್ರಿ ಫ್ಯಾರನ್‌ಹೀಟ್ ಇತ್ತು. 40 ನಿಮಿಷದೊಳಗೆ ಫೋಟೋ ಕಳಿಸಿದೆ. ಮರುದಿನ ಬೆಳಿಗ್ಗೆ ಬುಡದಿಂದ ಚರ್ಮ ಸುಲಿಯತೊಡಗಿತು. ರಾತ್ರಿಯೊಳಗೆ ಬಿಳಿ ಅಸ್ಥಿ ಮಾತ್ರ ಉಳಿಯಿತು. "ತಲುಪಿದಾಗ ಜೀವ ಇತ್ತು, ಗ್ಯಾರಂಟಿ ಸಿಗಲ್ಲ" ಅಂತ ನಿಮ್ಮ ಹುಡುಗರು ಉತ್ತರ ಬರೆದರು.

ಇಷ್ಟೇ ಆಗಿದ್ದರೆ 280 ಡಾಲರ್ ಹೋಯಿತು ಅಂತ ಸುಮ್ನೆ ಇದ್ದುಬಿಡುತ್ತಿದ್ದೆ. ಆದರೆ ಸತ್ತ ತುಂಡನ್ನು ಅದು ಅಂಟಿದ್ದ ಪುಟ್ಟ ಬಿಲ್ಲೆ, ಅಂದರೆ ಪ್ಲಗ್‌ನಿಂದ ಬಿಡಿಸಿದಾಗ ಕಂಡದ್ದನ್ನು ಬಿಟ್ಟುಬಿಡಲು ಆಗುತ್ತಿಲ್ಲ. ನಿಮ್ಮ ಪುಟದಲ್ಲಿ "ನಮ್ಮ ತೊಟ್ಟಿಯಲ್ಲೇ ಒಂದು ವರ್ಷ ಬೆಳೆಸಿದ್ದು" ಎಂದಿದೆ. ಒಂದು ವರ್ಷ ಇದ್ದ ಅಕ್ರೊಪೊರ ಪ್ಲಗ್ ಮೇಲೆಲ್ಲ ಹರಡಿಕೊಂಡಿರುತ್ತದೆ, ಅಲ್ವಾ? ಇಲ್ಲಿ ಒಂದು ಕೂದಲೆಳೆಯಷ್ಟೂ ಹರಡಿರಲಿಲ್ಲ. ಅಂಟು ಹೊಸದಾಗಿ ಬೆಳ್ಳಗಿತ್ತು. ಅದರ ಕೆಳಗೆ ಹೆಬ್ಬೆರಳು ದಪ್ಪದ ಮುರಿದ ಬುಡ, ಅದರ ತುಂಬಾ ಕೊರೆಯುವ ಚಿಪ್ಪಿಯ ತೂತುಗಳು, ಒಣಗಿದ ಸ್ಪಂಜು. ಸಮುದ್ರದಲ್ಲೇ ಹವಳ ಸಾಕುವ ತೋಟದಲ್ಲಿ ಬೆಳೆಸಿದ್ದಾದರೂ ಸಿಮೆಂಟಿನ ಬುಡ ಇರಬೇಕಿತ್ತು. ಇದು ಬಂಡೆಯಿಂದಲೇ ಮುರಿದು ತಂದದ್ದು ಎಂದು ನನಗೆ ಅನಿಸುತ್ತಿದೆ.

ನಾನು ಮೊದಲ ಸಲ ಜೀವಂತ ಹವಳ ನೋಡಿದ್ದು ಮುರ್ಡೇಶ್ವರದ ಹತ್ತಿರದ ನೇತ್ರಾಣಿಯಲ್ಲಿ, ನೀರಿಗಿಳಿದಾಗ. ನಮ್ಮ ದೇಶದಲ್ಲಿ 2001ರಿಂದ ಎಲ್ಲ ಕಲ್ಲು ಹವಳಗಳೂ (ಇದರಂತೆ ಗಟ್ಟಿ ಅಸ್ಥಿ ಇರುವವು) ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಹುಲಿಯ ಜೊತೆಗೆ. ಇಲ್ಲಿ ಅಮೆರಿಕದಲ್ಲಿ ಸಾಕಲು ಅವಕಾಶ ಇದೆ ನಿಜ. ಆದರೆ ನನ್ನ ಟ್ಯಾಂಕಿಗಾಗಿ ಎಲ್ಲಿಯದೋ ಬಂಡೆಯಿಂದ ಒಂದನ್ನು ಕೀಳಬಾರದು ಎಂದೇ ಜಾಸ್ತಿ ದುಡ್ಡು ಕೊಟ್ಟು ತೊಟ್ಟಿಯಲ್ಲಿ ಬೆಳೆದದ್ದನ್ನು ಆರಿಸಿದ್ದು. ಆ ಒಂದು ಮಾತನ್ನು ನಂಬಿ ನಾನು ಕೊಂಡೆ. ಅದೇ ಸುಳ್ಳಾಗಿದ್ದರೆ ನನಗೆ ತುಂಬಾ ನೋವಾಗುತ್ತದೆ.

ಪೂರ್ತಿ ಹಣ, ಸಾಗಣೆ ವೆಚ್ಚ ಸೇರಿಸಿ, ನನ್ನ ಕಾರ್ಡಿಗೇ ವಾಪಸ್ ಮಾಡಿ. ಅಂಗಡಿ ಕ್ರೆಡಿಟ್ ಬೇಡ. ಎಲ್ಲ ಕಲ್ಲು ಹವಳಗಳೂ ಅಳಿವಿನ ಭಯ ಇರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿವೆ, ಹಾಗಾಗಿ ಈ ಹವಳ ಎಲ್ಲಿಂದ ಬಂತು ಎನ್ನುವುದಕ್ಕೆ ಪರವಾನಗಿ ಇರಲೇಬೇಕು. ಮೂಲದ ಗುರುತು ಸಮುದ್ರದ್ದೋ ಸಾಕಿದ್ದೋ ಎಂದು ಕಾಣುವ ಹಾಗೆ ಅದರ ಪ್ರತಿ ಕಳಿಸಿ. ಪುಟದಲ್ಲಿ ಇದೇ ಜಾತಿಯ ಇನ್ನೂ ನಾಲ್ಕು ತುಂಡು ಮಾರಾಟಕ್ಕಿವೆ. ಅವೂ ಇದೇ ಹವಳದಿಂದ ಮುರಿದವಾದರೆ "ಒಂದು ವರ್ಷ ಬೆಳೆಸಿದ್ದು" ಎಂಬ ಆ ವಾಕ್ಯವನ್ನು ಇವತ್ತೇ ತೆಗೆಯಿರಿ.

ಹತ್ತು ದಿನದಲ್ಲಿ ಉತ್ತರ ಬರದಿದ್ದರೆ ಕಾರ್ಡ್ ಕಂಪನಿಗೂ ಅಮೆರಿಕ ಸರ್ಕಾರದ ವನ್ಯಜೀವಿ ಇಲಾಖೆಯಾದ ಫಿಶ್ ಅಂಡ್ ವೈಲ್ಡ್‌ಲೈಫ್ ಸರ್ವಿಸ್‌ಗೂ ಬರೆಯುತ್ತೇನೆ. ಅಸ್ಥಿ, ಪ್ಲಗ್, ಬುಡ ಮೂರನ್ನೂ ಒಣಗಿಸಿ ಇಟ್ಟಿದ್ದೇನೆ. ಫೋಟೋಗಳು ಜೊತೆಗಿವೆ.

ಇಂತಿ,
ನಿಮ್ಮ ಗ್ರಾಹಕ