ಕೊಲೆಸ್ಟ್ರಾಲ್ ಗುಳಿಗೆ ಬಿಡುವ ಮುನ್ನ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಈ ಅಂಕಣದಲ್ಲಿ ಕೊಲೆಸ್ಟ್ರಾಲ್ ಕುರಿತು ಕೆಲವು ದಿನಗಳಿಂದ ಪ್ರಕಟವಾಗುತ್ತಿರುವ ಪತ್ರಗಳನ್ನು ಓದುತ್ತಿದ್ದೇನೆ. ಜೋಳದ ರೊಟ್ಟಿ ಉಂಡು ದಿನಕ್ಕೆ ಒಂದು ತಾಸು ನಡೆದರೆ ಗುಳಿಗೆಯ ಗೊಡವೆಯೇ ಬೇಡ, ಅದೆಲ್ಲ ಕಂಪನಿಗಳ ಹೂಟ ಎಂದು ಒಬ್ಬರು ಬರೆದರೆ, ಗುಳಿಗೆ ಇರುವಾಗ ಬಾಯಿ ಕಟ್ಟುವುದೇಕೆ ಎಂದು ಇನ್ನೊಬ್ಬರು ಕೇಳಿದ್ದಾರೆ. ವಿಜಯಪುರದಲ್ಲಿ ಇಪ್ಪತ್ತೇಳು ವರ್ಷಗಳಿಂದ ಔಷಧ ಅಂಗಡಿ ನಡೆಸುತ್ತಿರುವ ನಾನು, ಆರು ವರ್ಷಗಳಿಂದ ಇದೇ ಗುಳಿಗೆಯನ್ನು ನುಂಗುತ್ತಲೂ ಇದ್ದೇನೆ. ಆದ್ದರಿಂದ ಎರಡು ಮಾತು ಬರೆಯಬೇಕೆನಿಸಿತು. ಗುಳಿಗೆ ಮಾರಿ ಹೊಟ್ಟೆ ಹೊರೆಯುವವನ ಮಾತಿಗೆ ಎಷ್ಟು ಬೆಲೆ ಕೊಡಬೇಕೆಂಬುದು ಓದುಗರಿಗೆ ಬಿಟ್ಟದ್ದು.

ಈಚೆಗೆ ಇಂಡಿ ತಾಲ್ಲೂಕಿನ ರೈತರೊಬ್ಬರು ಅಂಗಡಿಗೆ ಬಂದರು. ಎರಡು ವರ್ಷದ ಹಿಂದೆ ಅವರಿಗೆ ಹೃದಯಾಘಾತವಾಗಿ ಸ್ಟೆಂಟ್ ಹಾಕಲಾಗಿತ್ತು. ಅಂಗಿಯ ಜೇಬಿನಿಂದ ಮಡಚಿದ ರಿಪೋರ್ಟ್ ತೆಗೆದರು. ಅದರೊಳಗೆ ಆರು ಗುಳಿಗೆ ಉಳಿದಿದ್ದ ಪಟ್ಟಿಯೊಂದಿತ್ತು. "ಎಲ್ಲಾ ನಾರ್ಮಲ್ ಬಂದೈತ್ರಿ ಅಣ್ಣಾರ, ಇದನ್ನ ವಾಪಸ್ ತಗೊಂಡು ಉಳಿದ ರೊಕ್ಕ ಕೊಟ್ಟಬಿಡ್ರಿ" ಎಂದರು. ರಿಪೋರ್ಟಿನಲ್ಲಿ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 68 ಎಂದಿತ್ತು, ಅದರ ಮುಂದೆ ಯಾರೋ ನೀಲಿ ಪೆನ್ನಿನಿಂದ ಸರಿ ಗುರುತು ಹಾಕಿದ್ದರು. ಆ 68 ಎಂಬುದು ಗುಳಿಗೆ ಮಾಡಿದ ಕೆಲಸವೇ ಹೊರತು ರೋಗ ವಾಸಿಯಾದ ಸುದ್ದಿಯಲ್ಲ, ಗುಳಿಗೆ ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಅಂಕಿ ಹಳೆಯ ಜಾಗಕ್ಕೆ ಬರುತ್ತದೆ ಎಂದು ತಿಳಿಸಿ ಹೇಳಲು ನನಗೆ ಅರ್ಧ ತಾಸು ಹಿಡಿಯಿತು. ಬಿಪಿ ಗುಳಿಗೆಯ ವಿಷಯದಲ್ಲಿ ನಮ್ಮ ಜನಕ್ಕೆ ಈ ಮಾತು ತಕ್ಕಮಟ್ಟಿಗೆ ತಿಳಿದಿದೆ. ಕೊಲೆಸ್ಟ್ರಾಲ್ ಗುಳಿಗೆಯನ್ನು ಮಾತ್ರ ಇಂದಿಗೂ ಜ್ವರದ ಗುಳಿಗೆಯಂತೆ ಒಂದು ಕೋರ್ಸ್ ಎಂದೇ ತಿಳಿದವರು ಬಹಳ. ಇದನ್ನು ರಕ್ತ ತೆಳ್ಳಗೆ ಮಾಡುವ ಗುಳಿಗೆ ಎಂದು ಕರೆಯುವವರೂ ಇದ್ದಾರೆ. ಆ ಹೆಸರು ಸಲ್ಲಬೇಕಾದದ್ದು ಆಸ್ಪಿರಿನ್ ಮೊದಲಾದ ಬೇರೆಯವಕ್ಕೆ.

ರೊಟ್ಟಿ ಬೇಕೋ ಗುಳಿಗೆ ಬೇಕೋ ಎಂದು ಎಲ್ಲರಿಗೂ ಸೇರಿಸಿ ಕೇಳುವುದರಲ್ಲಿಯೇ ಪತ್ರ ಬರೆದ ಇಬ್ಬರೂ ಎಡವಿದ್ದಾರೆಂದು ನನ್ನ ಅನಿಸಿಕೆ. ಭಾರತೀಯ ಹೃದ್ರೋಗ ತಜ್ಞರ ಸಂಘವು 2024ರ ಜುಲೈನಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ ಸಾಮಾನ್ಯ ಆರೋಗ್ಯವಂತರಲ್ಲಿ ಎಲ್‌ಡಿಎಲ್ ಒಂದು ಡೆಸಿಲೀಟರ್ ರಕ್ತದಲ್ಲಿ 100 ಮಿಲಿಗ್ರಾಮ್‌ಗಿಂತ ಕಡಿಮೆ ಇರಬೇಕು. ಸಕ್ಕರೆ ಕಾಯಿಲೆ, ರಕ್ತದೊತ್ತಡದಂಥ ಅಪಾಯ ಹೆಚ್ಚಿರುವವರಲ್ಲಿ 70ಕ್ಕಿಂತ ಕಡಿಮೆ. ಈಗಾಗಲೇ ಹೃದಯಾಘಾತ ಅಥವಾ ಪಾರ್ಶ್ವವಾಯು ಆಗಿಹೋದಂಥ ಅತಿ ಅಪಾಯದವರಲ್ಲಿ 55ಕ್ಕಿಂತ ಕಡಿಮೆ. ಅಂದರೆ ಒಂದೇ ಅಂಕಿ ಒಬ್ಬರಿಗೆ ನೆಮ್ಮದಿಯದಾದರೆ ಇನ್ನೊಬ್ಬರಿಗೆ ಎಚ್ಚರಿಕೆಯದು. ನಮ್ಮ ಆ ರೈತರ 68ಕ್ಕೆ ಸರಿ ಗುರುತು ಹಾಕಿದ್ದೇ ತಪ್ಪು. ಅವರ ಗುರಿ ಇನ್ನೂ ಕೆಳಗಿತ್ತು.

ಹಾಗೆಂದು ಗುಳಿಗೆಯನ್ನು ಕಂಡಕಂಡವರಿಗೆ ಹಂಚಬೇಕೆಂದು ನನ್ನ ವಾದವಲ್ಲ. ಇಪ್ಪತ್ತೆಂಟರ ಹುಡುಗ, ಸಕ್ಕರೆಯಿಲ್ಲ, ಬಿಪಿಯಿಲ್ಲ, ತಂಬಾಕು ಮುಟ್ಟುವುದಿಲ್ಲ, ಮನೆತನದಲ್ಲಿ ಯಾರಿಗೂ ಚಿಕ್ಕ ವಯಸ್ಸಿನಲ್ಲಿ ಹೃದಯದ ತೊಂದರೆಯಿಲ್ಲ, ಎಲ್‌ಡಿಎಲ್ 124. ಇಂಥವನಿಗೂ ಮೊದಲ ಭೇಟಿಯಲ್ಲೇ ಗುಳಿಗೆ ಬರೆದ ಚೀಟಿಗಳು ನನ್ನ ಕೈಗೆ ಬಂದಿವೆ. ಅವನಿಗೆ ಊಟ, ನಡಿಗೆ, ತೂಕ ಇಳಿಸುವುದಕ್ಕೆ ಕೆಲವು ತಿಂಗಳು ಕೊಟ್ಟು ನೋಡುವುದು, ಥೈರಾಯ್ಡ್ ಪರೀಕ್ಷಿಸುವುದು ಮೊದಲಾಗಬೇಕು. ಏಕೆಂದರೆ ಥೈರಾಯ್ಡ್ ಗ್ರಂಥಿಯ ಕೆಲಸ ಕುಗ್ಗಿದರೂ ಕೊಲೆಸ್ಟ್ರಾಲ್ ಏರುತ್ತದೆ. ಇದಕ್ಕೆ ವಿರುದ್ಧವಾಗಿ, ಎಲ್‌ಡಿಎಲ್ 190 ದಾಟಿದ್ದರೆ ಅದು ಹುಟ್ಟಿನಿಂದ ಬಂದದ್ದಿರಬಹುದು. ಸುಮಾರು 250ರಿಂದ 300 ಜನರಲ್ಲಿ ಒಬ್ಬರಿಗೆ ಇಂಥ ಆನುವಂಶಿಕ ದೋಷ ಇರುತ್ತದೆ. ಅಂಥವರು ಕಡ್ಡಿಯಂತೆ ತೆಳ್ಳಗಿದ್ದರೂ, ಬರೀ ಪಥ್ಯದಲ್ಲೇ ಇದ್ದರೂ ಗುಳಿಗೆಯಿಲ್ಲದೆ ಅಂಕಿ ಸಾಕಷ್ಟು ಇಳಿಯುವುದಿಲ್ಲ.

ನನ್ನದೇ ಲೆಕ್ಕ ಹೇಳುತ್ತೇನೆ. ನನಗೆ ಸಕ್ಕರೆ ಕಾಯಿಲೆಯಿದೆ. ಆರು ವರ್ಷದ ಹಿಂದೆ ಎಲ್‌ಡಿಎಲ್ 172 ಇತ್ತು. ಅಂಗಡಿಯವನಾದರೂ ಗುಳಿಗೆಗೆ ಹೆದರಿ ವೈದ್ಯರಲ್ಲಿ ಮೂರು ತಿಂಗಳ ಸಮಯ ಕೇಳಿದೆ. ಸಂಜೆಯ ಭಜಿ, ಬೇಕರಿ ಖಾರಿ ಬಿಟ್ಟೆ. ರೊಟ್ಟಿಗೆ ಮೆತ್ತಿಕೊಳ್ಳುತ್ತಿದ್ದ ಬೆಣ್ಣೆಯನ್ನು ವಾರಕ್ಕೊಮ್ಮೆಗೆ ಇಳಿಸಿದೆ. ಗೋಳಗುಮ್ಮಟದ ಆವರಣದಲ್ಲಿ ಬೆಳಗಿನ ನಡಿಗೆ ಶುರು ಮಾಡಿದೆ. ನಾಲ್ಕು ಕಿಲೋ ಇಳಿದೆ. ಎಲ್‌ಡಿಎಲ್ 148ಕ್ಕೆ ಬಂತು. ಜೀವನಕ್ರಮದ ಬದಲಾವಣೆಯಿಂದ ಸಾಮಾನ್ಯವಾಗಿ ಶೇ 10ರಿಂದ 20ರಷ್ಟು ಇಳಿಕೆ ನಿರೀಕ್ಷಿಸಬಹುದೆಂದು ವೈದ್ಯರು ಹೇಳಿದ್ದರು. ಅದು ಅಕ್ಷರಶಃ ನಿಜವಾಯಿತು. ಆದರೆ ನಾನು ತಲುಪಬೇಕಾದದ್ದು 70. ಸ್ಟಾಟಿನ್ ಎಂಬ ಕೊಲೆಸ್ಟ್ರಾಲ್ ಇಳಿಸುವ ಗುಳಿಗೆಗಳ ಗುಂಪಿಗೆ ಸೇರಿದ ಅಟೊರ್ವಾಸ್ಟಾಟಿನ್ 10 ಮಿಲಿಗ್ರಾಮ್ ಶುರುವಾದ ಮೇಲೆ 92ಕ್ಕೆ ಬಂತು. ಪ್ರಮಾಣವನ್ನು ದುಪ್ಪಟ್ಟು ಮಾಡಿದರೆ ಇಳಿಕೆಯೂ ದುಪ್ಪಟ್ಟಾಗುವುದೆಂದು ನಾನೂ ಎಣಿಸಿದ್ದೆ. 20 ಮಿಲಿಗ್ರಾಮ್‌ಗೆ ಬಂದದ್ದು 84 ಮಾತ್ರ. ಸ್ಟಾಟಿನ್‌ಗಳ ಪ್ರಮಾಣವನ್ನು ಪ್ರತಿ ಬಾರಿ ಇಮ್ಮಡಿಸಿದಾಗ ಸಿಗುವ ಹೆಚ್ಚುವರಿ ಇಳಿಕೆ ಸುಮಾರು ಶೇ 6 ಅಷ್ಟೇ ಎಂಬುದು ಆಗ ಅನುಭವಕ್ಕೆ ಬಂತು. ಕರುಳಿನಲ್ಲಿ ಕೊಲೆಸ್ಟ್ರಾಲ್ ಹೀರಿಕೆಯನ್ನು ತಡೆಯುವ ಎಜೆಟಿಮೈಬ್ ಸೇರಿಸಿದ ಮೇಲೆ 66. ಈ ಲೆಕ್ಕದಲ್ಲಿ ಪಥ್ಯ, ನಡಿಗೆಯ ಪಾಲು 24 ಅಂಕ. ಅದನ್ನು ಬಿಟ್ಟಿದ್ದರೆ ಇನ್ನೂ ಹೆಚ್ಚಿನ ಔಷಧ ಬೇಕಾಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ನನ್ನ ಟ್ರೈಗ್ಲಿಸರೈಡ್ (ರಕ್ತದಲ್ಲಿನ ಇನ್ನೊಂದು ಬಗೆಯ ಕೊಬ್ಬು) ಇಳಿದದ್ದು, ಸಕ್ಕರೆ ಹತೋಟಿಗೆ ಬಂದದ್ದು ಆ ನಡಿಗೆಯಿಂದಲೇ. ಗುಳಿಗೆ ಆ ಕೆಲಸವನ್ನು ಅಷ್ಟು ಚೆನ್ನಾಗಿ ಮಾಡುವುದಿಲ್ಲ.

ಊಟದ ಬಗ್ಗೆ ನಮ್ಮ ಜಿಲ್ಲೆಯಲ್ಲಿ ಎರಡು ಬಗೆಯ ತಪ್ಪು ತಿಳಿವಳಿಕೆಯಿದೆ. "ನಾವು ಮಾಂಸಾ ತಿನ್ನಂಗಿಲ್ರಿ, ನಮಗೆಲ್ಲಿ ಕೊಲೆಸ್ಟ್ರಾಲ್" ಎಂಬುದು ಮೊದಲನೆಯದು. ರಕ್ತದಲ್ಲಿರುವ ಕೊಲೆಸ್ಟ್ರಾಲಿನ ಬಹುಪಾಲನ್ನು ತಯಾರಿಸುವುದು ನಮ್ಮದೇ ಪಿತ್ತಜನಕಾಂಗ. ತಟ್ಟೆಯಲ್ಲಿರುವ ಬೆಣ್ಣೆ, ತುಪ್ಪ, ಡಾಲ್ಡಾ, ಪಾಮ್ ಎಣ್ಣೆಗಳ ಗಟ್ಟಿ ಕೊಬ್ಬು (ಸ್ಯಾಚುರೇಟೆಡ್ ಫ್ಯಾಟ್) ರಕ್ತದಿಂದ ಎಲ್‌ಡಿಎಲ್ ಹೀರಿಕೊಳ್ಳುವ ಪಿತ್ತಜನಕಾಂಗದ ಶಕ್ತಿಯನ್ನು ಕುಗ್ಗಿಸುತ್ತದೆ. ಎಣ್ಣೆ ಪಾಕೀಟಿನ ಮೇಲೆ ದಪ್ಪಕ್ಷರದಲ್ಲಿ ಕೊಲೆಸ್ಟ್ರಾಲ್ ಮುಕ್ತ ಎಂದು ಬರೆದಿರುವುದನ್ನು ನೋಡಿ ಮೋಸಹೋಗಬಾರದು. ಗಿಡದಿಂದ ಬಂದ ಯಾವ ಎಣ್ಣೆಯಲ್ಲೂ ಕೊಲೆಸ್ಟ್ರಾಲ್ ಹೇಳಿಕೊಳ್ಳುವಷ್ಟು ಇರುವುದಿಲ್ಲ, ಅರ್ಧದಷ್ಟು ಗಟ್ಟಿ ಕೊಬ್ಬಿರುವ ಪಾಮ್ ಎಣ್ಣೆಯಲ್ಲೂ.

ಎರಡನೆಯದು, ಜೋಳದ ರೊಟ್ಟಿಯೇ ಔಷಧ ಎಂಬ ನಂಬಿಕೆ. ಡೋಣಿ ಹೊಳೆಸಾಲಿನ ಜೋಳ ಉಂಡು ಬೆಳೆದ ನನಗೆ ಅದರ ಮೇಲಿನ ಅಭಿಮಾನ ಯಾರಿಗಿಂತಲೂ ಕಡಿಮೆಯಿಲ್ಲ. ನಾರಿನಂಶದಿಂದಾಗಿ ಅದು ಮೈದಾಕ್ಕಿಂತ, ಪಾಲಿಶ್ ಮಾಡಿದ ಅಕ್ಕಿಗಿಂತ ಒಳ್ಳೆಯದೇ. ಆದರೆ ಎಲ್‌ಡಿಎಲ್ ಇಳಿಸುವಲ್ಲಿ ಹೆಚ್ಚು ಕೆಲಸ ಮಾಡುವುದು ನೀರಿನಲ್ಲಿ ಕರಗಿ ಅಂಟಾಗುವ ನಾರು. ಅದು ಓಟ್ಸ್ ಮತ್ತು ಜವೆಗೋಧಿಯಲ್ಲಿ ಹೆಚ್ಚು. ನಮ್ಮ ಅಡುಗೆಯಲ್ಲಿ ಹುಡುಕಿದರೆ ಮಡಕಿ ಕಾಳಿನಂಥ ಕಾಳುಗಳ ಪಲ್ಯದಲ್ಲಿ, ಅಗಸಿ ಹಿಂಡಿಯಲ್ಲಿ (ಚಟ್ನಿಪುಡಿ) ಸಿಗುತ್ತದೆ. ನಮ್ಮ ಹಿರಿಯರ ರೊಟ್ಟಿಯ ಜೊತೆಗೆ ಇವೆಲ್ಲ ಇದ್ದವು, ಒಗ್ಗರಣೆಗೆ ಗಾಣದ ಕುಸುಬಿ ಎಣ್ಣೆ ಇತ್ತು. ಆ ಎಣ್ಣೆಯಲ್ಲಿ ಗಟ್ಟಿ ಕೊಬ್ಬು ಶೇ 10ರ ಆಸುಪಾಸು ಮಾತ್ರ. ಈಗ ರೊಟ್ಟಿ ಮಾತ್ರ ಉಳಿದು, ಕುಸುಬಿಯ ಜಾಗಕ್ಕೆ ಪಾಕೀಟಿನ ಪಾಮ್ ಎಣ್ಣೆ ಬಂದಿದೆ, ಹಿಂಡಿಯ ಜಾಗಕ್ಕೆ ಶೇವು ಬಂದಿದೆ. ಗೋಳಗುಮ್ಮಟ ಸುತ್ತಿ ಬಂದ ನಮ್ಮ ನಡಿಗೆಯ ಗುಂಪಿನ ಅರ್ಧ ಜನ ನೇರವಾಗಿ ಹೋಗುವುದು ಬಿಸಿ ಪೂರಿ ಕರಿಯುವ ಗಾಡಿಯ ಕಡೆಗೆ. ನಾನೂ ಒಂದೆರಡು ಸಲ ಹೋಗಿದ್ದೇನೆ, ಸುಳ್ಳೇಕೆ ಹೇಳಲಿ. ಇನ್ನು ಗುಟಕಾ ಬಾಯಲ್ಲಿಟ್ಟುಕೊಂಡೇ ಕೊಲೆಸ್ಟ್ರಾಲ್‌ಗೆ ಬೆಳ್ಳುಳ್ಳಿ ಮಾತ್ರೆ ಕೇಳಲು ಬರುವವರಿಗೆ ಏನು ಹೇಳಬೇಕೆಂಬುದು ಇಂದಿಗೂ ನನಗೆ ತಿಳಿದಿಲ್ಲ.

ಸ್ಟಾಟಿನ್ ಗುಳಿಗೆ ಕೃತಕ ವಿಷ ಎಂದು ಪತ್ರದಲ್ಲಿ ಬರೆದವರಿಗೆ ಅದರ ಹುಟ್ಟು ತಿಳಿದಿರಲಾರದು. ಜಪಾನಿನ ಅಕಿರಾ ಎಂಡೊ 1970ರ ದಶಕದ ಆರಂಭದಲ್ಲಿ ಸಾವಿರಾರು ಬಗೆಯ ಬೂಷ್ಟುಗಳನ್ನು ಪರೀಕ್ಷಿಸಿ, ಕ್ಯೋಟೊದ ಧಾನ್ಯದಂಗಡಿಯ ಅಕ್ಕಿಯಲ್ಲಿ ಬೆಳೆದ ನೀಲಿ ಹಸಿರು ಬೂಷ್ಟಿನಿಂದ ಮೊದಲ ಸ್ಟಾಟಿನ್ ಬೇರ್ಪಡಿಸಿದರು. 1994ರಲ್ಲಿ ಪ್ರಕಟವಾದ ಸ್ಕ್ಯಾಂಡಿನೇವಿಯಾದ ಅಧ್ಯಯನದಲ್ಲಿ ಎದೆನೋವು ಅಥವಾ ಹೃದಯಾಘಾತ ಅನುಭವಿಸಿದ್ದ 4,444 ಜನರನ್ನು ಸುಮಾರು ಐದೂವರೆ ವರ್ಷ ಗಮನಿಸಲಾಯಿತು. ಔಷಧವಿಲ್ಲದ ಖಾಲಿ ಗುಳಿಗೆ ನುಂಗಿದವರಲ್ಲಿ 256 ಜನ ತೀರಿಕೊಂಡರೆ, ಸಿಮ್ವಾಸ್ಟಾಟಿನ್ ನುಂಗಿದ ಅಷ್ಟೇ ದೊಡ್ಡ ಗುಂಪಿನಲ್ಲಿ 182 ಜನ. ಸ್ನಾಯು ನೋವು ಕೆಲವರಿಗೆ ನಿಜವಾಗಿಯೂ ಬರುತ್ತದೆ, ಸಕ್ಕರೆ ಕಾಯಿಲೆಯ ಅಂಚಿನಲ್ಲಿರುವವರಲ್ಲಿ ಆ ಕಾಯಿಲೆ ತುಸು ಬೇಗ ಕಾಣಿಸಿಕೊಳ್ಳಬಹುದು, ಬಸುರಿಯರಿಗೆ ಸಾಮಾನ್ಯವಾಗಿ ಈ ಗುಳಿಗೆ ಕೊಡುವುದಿಲ್ಲ; ಇವನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅಡ್ಡಪರಿಣಾಮದ ಕಾರಣಕ್ಕೆ ಸ್ಟಾಟಿನ್ ಬಿಟ್ಟಿದ್ದ 60 ಜನರಿಗೆ ಬ್ರಿಟನ್ನಿನಲ್ಲಿ ಕೆಲವು ತಿಂಗಳು ಸ್ಟಾಟಿನ್, ಕೆಲವು ತಿಂಗಳು ಖಾಲಿ ಗುಳಿಗೆ, ಕೆಲವು ತಿಂಗಳು ಏನೂ ಇಲ್ಲದೆ ಇಟ್ಟು ನೋಡಿದಾಗ, ಅವರು ಹೇಳಿಕೊಂಡ ತೊಂದರೆಯ ಶೇ 90ರಷ್ಟು ಖಾಲಿ ಗುಳಿಗೆ ನುಂಗಿದಾಗಲೂ ಇತ್ತೆಂಬುದು 2020ರಲ್ಲಿ ಬೆಳಕಿಗೆ ಬಂತು. ನೋವು ಸುಳ್ಳಲ್ಲ, ಭಯವೂ ಮೈಗೆ ಇಳಿಯುತ್ತದೆ. ಗುಳಿಗೆ ಒಗ್ಗದವರಿಗೆ ಪ್ರಮಾಣ ತಗ್ಗಿಸುವ, ಬೇರೆ ಸ್ಟಾಟಿನ್ ಕೊಡುವ ದಾರಿಗಳಿವೆ. ಅದನ್ನು ಬಿಟ್ಟು ಪಟ್ಟಿಯನ್ನೇ ತಿಪ್ಪೆಗೆ ಎಸೆಯುವುದು ಬೇಡ.

ಪರೀಕ್ಷೆಯ ವಿಷಯದಲ್ಲಿ ಒಂದು ಅಡಚಣೆ ಸುಮ್ಮನೆ ಉಳಿದುಕೊಂಡಿದೆ. ಸಿಂದಗಿ, ಇಂಡಿ ಕಡೆಯ ಹಳ್ಳಿಗಳಿಂದ ಮೊದಲ ಬಸ್ಸಿಗೆ ಬರುವವರು ಹೊರಡುವ ಮುನ್ನ ಒಂದು ರೊಟ್ಟಿ ತಿಂದಿದ್ದರೆ, ಖಾಲಿ ಹೊಟ್ಟೆಯಲ್ಲಿ ಬರಬೇಕಿತ್ತೆಂದು ಲ್ಯಾಬಿನವರು ಮರಳಿ ಕಳಿಸುತ್ತಾರೆ. ಅವರು ಮತ್ತೆ ಬರುವುದಿಲ್ಲ. ಮೇಲೆ ಹೇಳಿದ ಮಾರ್ಗಸೂಚಿಯೇ ಮೊದಲ ತಪಾಸಣೆಗೆ ಉಪವಾಸ ಬೇಕಿಲ್ಲ ಎನ್ನುತ್ತದೆ. ಟ್ರೈಗ್ಲಿಸರೈಡ್ ಬಹಳ ಏರಿದ್ದರೆ ಮಾತ್ರ ಇನ್ನೊಮ್ಮೆ ಉಪವಾಸದಲ್ಲಿ ನೋಡಬಹುದು. 2025ರ ಜೂನ್, ಜುಲೈನಲ್ಲಿ ಹಾಸನದ ಹೃದಯಾಘಾತದ ಸಾವುಗಳ ಸುದ್ದಿಯಿಂದ ಜನ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಸಾಲುಗಟ್ಟಿದ್ದನ್ನು ನೋಡಿದ್ದೇವೆ. ಅಂಥ ಗಾಬರಿಯ ಪರೀಕ್ಷೆಗಿಂತ ಹರೆಯದಲ್ಲೇ ಒಮ್ಮೆ ನೆಮ್ಮದಿಯಿಂದ ಮಾಡಿಸಿಕೊಳ್ಳುವುದು ಮೇಲು. ಮಾರ್ಗಸೂಚಿ ಹೇಳುವುದು 18ನೆಯ ವಯಸ್ಸಿಗೆ.

ತಪ್ಪು ನಮ್ಮ ಅಂಗಡಿಗಳದೂ ಇದೆ. ವೈದ್ಯರ ಚೀಟಿಯಿಲ್ಲದೆ ಹಳೆಯ ಪಟ್ಟಿಯ ತುಂಡು ತೋರಿಸಿದವರಿಗೂ ಗುಳಿಗೆ ಕೊಟ್ಟು ಕಳಿಸುತ್ತೇವೆ. ಎರಡು ವರ್ಷ ರಕ್ತ ಪರೀಕ್ಷೆಯಿಲ್ಲದೆ ನುಂಗುತ್ತಿರುವವರನ್ನು ಕೇಳುವುದಿಲ್ಲ. ಮೂರು ತಿಂಗಳಿಂದ ಬಾರದ ಗಿರಾಕಿಯನ್ನು ಏಕೆ ಬಂದಿಲ್ಲವೆಂದು ವಿಚಾರಿಸುವುದೂ ಇಲ್ಲ. ಈಗ ನನ್ನ ಅಂಗಡಿಯಲ್ಲಿ ಒಂದು ವಹಿ ಇಟ್ಟಿದ್ದೇನೆ, ಕೊನೆಯ ಪರೀಕ್ಷೆಯ ತಾರೀಖು ಬರೆದುಕೊಳ್ಳುತ್ತೇನೆ.

ನಮ್ಮ ಜಿಲ್ಲೆಯ ವೈದ್ಯರಲ್ಲಿಯೂ ಲ್ಯಾಬುಗಳವರಲ್ಲಿಯೂ ನನ್ನದೊಂದು ಕೋರಿಕೆ. ರಿಪೋರ್ಟಿನಲ್ಲಿ ಎಲ್ಲರಿಗೂ ಒಂದೇ ಮಿತಿಯನ್ನು ಇಂಗ್ಲಿಷಿನಲ್ಲಿ ಮುದ್ರಿಸುವ ಬದಲು, ಸಕ್ಕರೆ ಇದ್ದವರಿಗೆ ಇಷ್ಟು, ಹೃದಯಾಘಾತ ಆದವರಿಗೆ ಇಷ್ಟು ಎಂದು ಕನ್ನಡದಲ್ಲಿ ಎರಡು ಸಾಲು ಸೇರಿಸಬೇಕು. ಗುಳಿಗೆ ಬರೆಯುವ ವೈದ್ಯರು ಚೀಟಿಯ ಮೂಲೆಯಲ್ಲಿ ಆ ರೋಗಿಯ ಗುರಿ ಎಷ್ಟೆಂದು ಒಂದು ಅಂಕಿ ಬರೆದು, ಕೇಳದೆ ನಿಲ್ಲಿಸಬೇಡಿ ಎಂದು ಕನ್ನಡದಲ್ಲಿ ಸೇರಿಸಿದರೆ, ಅರ್ಧ ಪಟ್ಟಿ ಹಿಡಿದುಕೊಂಡು ರೊಕ್ಕ ವಾಪಸ್ ಕೇಳಲು ಬರುವವರಿಗೆ ಅದನ್ನೇ ತೋರಿಸುತ್ತೇನೆ.

ಇಂತಿ,
ಔಷಧ ವ್ಯಾಪಾರಿ, ವಿಜಯಪುರ