ಒಂಬತ್ತನೇ ತರಗತಿ ಸಮಾಜ ವಿಜ್ಞಾನ: ಶುಕ್ರವಾರ ಅಣಕು ಮತದಾನ

ಎಲ್ಲ ಪೋಷಕರಿಗೂ ನಮಸ್ಕಾರ.

ಮುಂದಿನ ವಾರ ನಮ್ಮ ಶಾಲೆ ಮತಗಟ್ಟೆಯಾಗುತ್ತದೆ, ಶನಿವಾರವೇ ಕೊಠಡಿ ಬಿಟ್ಟುಕೊಡಬೇಕು. ಹಾಗಾಗಿ ಮಕ್ಕಳ ಅಣಕು ಮತದಾನವನ್ನು ಈ ಶುಕ್ರವಾರ ಬೆಳಿಗ್ಗೆ 10 ಗಂಟೆಗೆ ಇಟ್ಟುಕೊಂಡಿದ್ದೇವೆ.

ಕಣದಲ್ಲಿರುವುದು ನೇರಳೆ, ಹೊಂಗೆ, ಬೇವು. ಗೆದ್ದ ಗಿಡವನ್ನು ಅಂಗಳದಲ್ಲಿ ನೆಡುತ್ತೇವೆ. ನೋಟಾ ಕೂಡ ಇರುತ್ತದೆ. ಪಕ್ಷದ ಶಾಲು, ಬ್ಯಾಡ್ಜ್, ಕರಪತ್ರ ಯಾವುದೂ ತರಗತಿಗೆ ಬರುವುದು ಬೇಡ, ದಯವಿಟ್ಟು ಮನೆಯಲ್ಲೇ ಹೇಳಿ ಕಳಿಸಿ.

ಗುರುವಾರದೊಳಗೆ ಒಂದು ಮನೆಕೆಲಸ ಇದೆ. ಮನೆಯ ಹಿರಿಯರನ್ನು, ಅದರಲ್ಲೂ ಅಜ್ಜಿಯನ್ನು, ಮೊದಲ ಸಲ ಓಟು ಹಾಕಿದ್ದು ಯಾವಾಗ ಎಂದು ಕೇಳಿ ಅರ್ಧ ಪುಟ ಬರೆಯಬೇಕು. ಅಜ್ಜಿ ಯಾಕೆ ಅಂದರೆ, 1951-52ರ ಮೊದಲ ಚುನಾವಣೆಯ ಪಟ್ಟಿ ಮಾಡುವಾಗ ಎಷ್ಟೋ ಹೆಂಗಸರು ತಮ್ಮ ಹೆಸರು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದರು. ಹಾಗೆ ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದಲೇ ಹೊರಗುಳಿದರು. ಇದನ್ನು ಹೇಳಿದ ದಿನ ತರಗತಿ ಪೂರ್ತಿ ಸುಮ್ಮನಾಗಿತ್ತು. ಹಿಂದಿನ ಬೆಂಚಿನ ಹುಡುಗಿ ಪುಸ್ತಕದ ಅಂಚಲ್ಲಿ ಅಜ್ಜಿಯ ಪೂರ್ತಿ ಹೆಸರು ಬರೆದುಕೊಂಡಳು.

1989ಕ್ಕಿಂತ ಮುಂಚೆ ಓಟಿಗೆ 21 ತುಂಬಿರಬೇಕಿತ್ತು, ಅದನ್ನೂ ನೆನಪಿಸಿ. ಯಾರಿಗೆ ಹಾಕಿದಿರಿ ಎಂದು ಮಾತ್ರ ಮಕ್ಕಳು ಕೇಳಬಾರದು. ಅದು ಗುಟ್ಟು, ಅಲ್ವಾ?

ಮತಗಟ್ಟೆ ಅಧಿಕಾರಿಗಳಾಗಿ ಕೂರಲು ನಾಲ್ಕು ಪೋಷಕರು ಬೇಕು. ಬರುವವರು ಬುಧವಾರ ಸಂಜೆಯೊಳಗೆ ಇಲ್ಲೇ ‘ಬರ್ತೀನಿ’ ಎಂದು ಹಾಕಿ.